ಅವ್ವ ಬಡಿದ ತಾರಸಿ

ಮೈಸೂರಿನ ಚಾಮರಾಜಪುರಂನ ಅಂಬುಜಮ್ಮನವರ ಮನೆಯಲ್ಲಿ ಬಾಡಿಗೆಗೆ ಇದ್ದದ್ದು ಮುಂದಿನ ಕೋಣೆಯೊಂದೇ. ಅದಕ್ಕೆ ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆ ನೋಡಿಕೊಂಡು ಕೂತಿತ್ತು. ಸರಸ್ವತಿಪುರಂನಲ್ಲಿ ಗಾಳಿ ಬೆಳಕಿನ ರೂಮುಗಳು ಬೇಕಾದಷ್ಟು ಸಿಗುತ್ತಿದ್ದವು; ಇಂಜಿನಿಯರಿಂಗ್ ಕಾಲೇಜಿನ ಜೊತೆಯ ಹುಡುಗರೆಲ್ಲ ಅಲ್ಲೇ ಇದ್ದರು. ಇಲವಾಲದ ಸಿದ್ದರಾಜು ಮಾತ್ರ ಹುಡುಕಿಕೊಂಡು ಬಂದು ಈ ಕತ್ತಲೆ ಕೋಣೆಯನ್ನೇ ಹಿಡಿದ. ಯಾಕೆಂದು ಯಾರಿಗೂ ಹೇಳಲಿಲ್ಲ.

ಆ ಮನೆಯ ತಾರಸಿ ಬಡಿದವರಲ್ಲಿ ಅವನ ಅವ್ವ ಸಿದ್ದಲಿಂಗಮ್ಮನೂ ಒಬ್ಬಳು. ಆಗೆಲ್ಲ ತಾರಸಿ ಅಂದರೆ ಗಾರೆ. ತೇಗದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಸುಣ್ಣದ ಗಾರೆ ಹಾಸಿ, ಬೆಲ್ಲ ಅಳಲೆಕಾಯಿ ನೆನೆಹಾಕಿದ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯಬೇಕು. ಒಬ್ಬಳು ಪದ ಎತ್ತಿಕೊಡುವಳು, ಮಿಕ್ಕವರ ಏಟು ಅದಕ್ಕೆ ಸರಿಯಾಗಿ ಬೀಳಬೇಕು. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಇಲವಾಲದ ಹೆಂಗಸರು ಈ ಕೆಲಸಕ್ಕೆ ಮೈಸೂರಿಗೆ ಬರುತ್ತಿದ್ದರು. ಸಿದ್ದಲಿಂಗಮ್ಮ ಎಳೆಗೂಸನ್ನು ಸೊಂಟಕ್ಕೇರಿಸಿಕೊಂಡೇ ಏಣಿ ಹತ್ತಿದಳಂತೆ. ಕೂಸು ಅತ್ತರೆ ಮೇಸ್ತ್ರಿಯ ಕಣ್ಣು ತಪ್ಪಿಸಿ ಗಾರೆಯ ಬೆಲ್ಲದಲ್ಲೇ ಒಂದು ಚೂರು ಬಾಯಿಗಿಡುತ್ತಿದ್ದಳಂತೆ. ಇದೆಲ್ಲ ಅಪ್ಪ ಜವರಯ್ಯ ಹೇಳಿದ್ದು. ಅವ್ವ ತೀರಿಹೋದಾಗ ಸಿದ್ದರಾಜುವಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಫೋಟೋ ತೆಗೆಸಿದವರಿಲ್ಲ, ಮುಖದ ನೆನಪಿಲ್ಲ. ಅವಳ ಕೈಯದು ಅಂತ ಉಳಿದಿದ್ದು ಅದೊಂದು ತಾರಸಿ. ಅದರ ಕೆಳಗೆ ಅಂಗಾತ ಮಲಗಿದರೆ ಅವನಿಗೆ ಸೆರಗು ಹೊದ್ದಂತಾಗುತ್ತಿತ್ತು.

ಅರವತ್ತನಾಲ್ಕನೇ ಇಸವಿ. ಬಿ.ಇ. ಮುಗಿಸಿದವನು ಎಂ.ಇ.ಗೆ ಸೇರಿದ್ದ. ಮೊದಲ ದಿನವೇ ಅನಂತಪದ್ಮನಾಭ ಮೇಷ್ಟ್ರು ಪಾಠ ಬಿಟ್ಟು ಒಬ್ಬೊಬ್ಬರನ್ನೇ ಕೇಳುತ್ತ ಬಂದರು: "ಎರಡು ವರ್ಷ ಆದ್ಮೇಲೆ ನಿಮಗೆ ಏನು ಬಂದಿರಬೇಕು?" ಒಬ್ಬ ಅಣೆಕಟ್ಟು ಅಂದ, ಇನ್ನೊಬ್ಬ ಸೇತುವೆ ಅಂದ. ಅಶ್ವತ್ಥ ಎಂಬುವನು, "ಕೆಲಸ ಬಂದಿರಬೇಕು ಸಾರ್" ಅಂದು ಎಲ್ಲರನ್ನೂ ನಗಿಸಿದ.

ಸಿದ್ದರಾಜು ಎದ್ದು ನಿಂತ. "ಹಳೇ ಕಟ್ಟಡ ಬೀಳದ ಹಂಗೆ ನಿಲ್ಲಿಸೋದು ಬಂದಿರಬೇಕು ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಅವನನ್ನು ನೋಡಿದರು. "ಒಳ್ಳೇದು. ಆದರೆ ಅದಕ್ಕಿಂತ ಮುಂಚೆ ಒಂದು ಕಲೀಬೇಕು. ಇದು ನಿಲ್ಲೋದಿಲ್ಲ ಅಂತ ಹೇಳೋದು. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಅನ್ನೋದನ್ನ ನಾನು ಕಲಿಸ್ತೀನಿ. ನಿಲ್ಲೋದಿಲ್ಲ ಅನ್ನೋ ಮಾತನ್ನ ಕಲಿಸೋಕೆ ನನ್ನ ಕೈಲಾಗಲ್ಲ, ನೀವೇ ಕಲೀಬೇಕು."

ಮಾತು ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದ. ಮುಂಗಾರು ಶುರುವಾದಾಗ ತೆರೆದಿಟ್ಟ ಪುಸ್ತಕದ ಮೇಲೆ ಮಣ್ಣು ಉದುರಿತು. ತಲೆಯೆತ್ತಿದರೆ ತೊಲೆಯ ಮೇಲೆ ಗೆದ್ದಲಿನ ಗೆರೆ. ಒರೆಸಿ ಸುಮ್ಮನಾದ. ಮಾರನೆಯ ವಾರ ಅಂಬುಜಮ್ಮನವರ ಕಣ್ಣಿಗೂ ಬಿತ್ತು.

"ನೀನೇ ಇಂಜಿನಿಯರ್ರು ಇರೋವಾಗ ಇನ್ಯಾರನ್ನ ಕೇಳ್ಲಿ? ನನ್ನ ಮಗಳು ಪ್ರೇಮಲೀಲಾ ಬಾಣಂತನಕ್ಕೆ ಬರ್ತಾಳೆ, ಕೂಸು ಈ ಕೋಣೇಲೇ ಮಲಗಬೇಕು, ಅಷ್ಟು ದಿನ ನೀನು ನಡುಮನೇಲಿ ಮಲಗಿದರಾಯ್ತು. ಇಡೋದಾ, ಕೆಡವೋದಾ, ನೀನು ಹೇಳಿದ ಹಂಗೆ ಕಣೋ."

ಸಿದ್ದರಾಜು ಏಣಿ ಹಾಕಿ ಒಂದೊಂದೇ ತೊಲೆ ಚುಚ್ಚಿ ನೋಡಿದ. ಮೇಲಿನ ಗಾರೆ ಕಲ್ಲಿನಂತಿತ್ತು, ಕೂದಲೆಳೆಯಷ್ಟೂ ಬಿರುಕಿಲ್ಲ. ತೊಲೆಯೊಳಗೆ ಮಾತ್ರ ಚೂರಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಗೋಡೆಯ ಕಡೆಯ ತೊಲೆಗಳಂತೂ ಬರೀ ಹೊಟ್ಟು. ಕಂಬ ಕೊಟ್ಟರೆ? ಪಕ್ಕದಲ್ಲಿ ಇನ್ನೊಂದು ತೊಲೆ ತೂರಿಸಿದರೆ? ಲೆಕ್ಕ ಹಾಕಿದ ಹಾಳೆಗಳನ್ನು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಓಡಿದ.

ಅವರು ನಿಧಾನವಾಗಿ ಓದಿದರು. "ಲೆಕ್ಕ ಸರಿಯಾಗಿದೆ. ಆದರೆ ಕೆಟ್ಟ ಮರಕ್ಕೆ ಒಳ್ಳೇ ಮರದ ಶಕ್ತಿ ಹಾಕಿದ್ದೀಯಲ್ಲ ಸಿದ್ದರಾಜು, ಅದ್ಯಾಕೆ?"

ಮೇಷ್ಟ್ರು ಹಾಳೆಗಳನ್ನು ಮಡಿಸಿ ಅವನ ಜೇಬಿಗೇ ಇಟ್ಟರು.

ಸಂಜೆ ಅಂಬುಜಮ್ಮ ಹೂ ಕಟ್ಟುತ್ತಿದ್ದರು. ಸಿದ್ದರಾಜು ಬಾಗಿಲಲ್ಲೇ ನಿಂತು, "ಕೆಡವಿಸಿ ಅಮ್ಮ. ಕೂಸು ಬರೋಕೆ ಮುಂಚೆ ಕಾಂಕ್ರೀಟ್ ಹಾಕಿಸಿಬುಡಿ" ಅಂದ.

"ಹೇಳಿದ್ದು ಒಳ್ಳೇದಾಯ್ತು. ಮುಖ ಯಾಕಪ್ಪ ಹಂಗೆ ಮಾಡ್ಕೊಂಡಿದ್ದೀಯ?"

"ಅದು ನಮ್ಮವ್ವ ಬಡಿದ ಗಾರೆ ಅಮ್ಮ."

ಹೂವಿನ ಮೇಲಿದ್ದ ಅವರ ಕೈ ನಿಂತಿತು. "ಮೊದಲೇ ಯಾಕೋ ಹೇಳ್ಲಿಲ್ಲ? ಹೆಂಗೋ ಇರಲಿ ಅಂತ ಬಿಟ್ಟುಬಿಡ್ತಿದ್ದೆನಲ್ಲೋ."

"ಬಿಟ್ಟುಬಿಡ್ತೀರ ಅಂತಲೇ ಹೇಳಲಿಲ್ಲ."

ಕೆಡವುವ ದಿನ ಅವನು ಕಾಲೇಜಿಗೆ ಹೋಗಲಿಲ್ಲ, ಮನೆಯಲ್ಲೂ ಇರಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೂತಿದ್ದು ಕತ್ತಲಾಗುವ ಹೊತ್ತಿಗೆ ಬಂದ. ಕೋಣೆಯಿಂದ ಆಕಾಶ ಕಾಣುತ್ತಿತ್ತು.

ಕಾಂಕ್ರೀಟ್ ಬಿತ್ತು, ಒಣಗಿತು. ಅದರ ಮೇಲೆ ಬಿಸಿಲು ತಡೆಯಲು ಒಂದು ತೆಳು ಗಾರೆ ಬಡಿಸಬೇಕೆಂದು ಮೇಸ್ತ್ರಿ ಹೇಳಿದ. "ಇಲವಾಲದವರನ್ನೇ ಕರೆಸಪ್ಪ" ಅಂದರು ಅಂಬುಜಮ್ಮ, ಸಿದ್ದರಾಜುವಿನ ಕಡೆ ನೋಡದೆ.

ಹೆಂಗಸರು ಬಂದರು. ಮುಂದಾಳು ವಸಂತಮ್ಮ, ನಡುವಯಸ್ಸಿನವಳು, ಸಿದ್ದಲಿಂಗಮ್ಮ ತೀರಿಹೋದ ಮೇಲೆ ಇಲವಾಲಕ್ಕೆ ಸೊಸೆಯಾಗಿ ಬಂದವಳು, ಅವಳನ್ನು ಕಂಡವಳಲ್ಲ. ಪದ ಶುರುವಾದಾಗ ಸಿದ್ದರಾಜು ಏಣಿ ಹತ್ತಿ ಹೋಗಿ ಒಂದು ಹಲಗೆ ಕೇಳಿದ.

"ಇಂಜಿನಿಯರಪ್ಪ, ಇದನ್ನೂವೆ ಕಾಲೇಜಲ್ಲಿ ಹೇಳ್ಕೊಟ್ಟವ್ರಾ?" ಎಂದು ನಗುತ್ತ ಕೊಟ್ಟರು. ಸಾಲಿನ ತುದಿಯಲ್ಲಿ ಕೂತು ಬಡಿದ. ಅವನ ಏಟು ಪ್ರತಿ ಸಲವೂ ಒಂದು ಚಣ ತಡವಾಗಿ ಬೀಳುತ್ತಿತ್ತು. ಪದ ಮುಗ್ಗರಿಸಿತು.

"ನಮ್ಮ ಪದಾನೇ ಕೆಡಿಸ್ಬುಟ್ಟೆಯಲ್ಲೋ ಮಾರಾಯ" ಅಂದಳು ವಸಂತಮ್ಮ. "ಕೈ ತಡಿ. ಮೊದ್ಲು ಕೇಳುಸ್ಕೋ."

ಅವನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಅವಳು ಮೊದಲಿಂದ ಎತ್ತಿಕೊಂಡಳು. ಏಟುಗಳು ಹತ್ತಿರ ಬಂದವು, ದೂರ ಹೋದವು. ಬೆಲ್ಲದ ನೀರಿನ ವಾಸನೆ ಬಂತು. ಕಣ್ಣು ಮುಚ್ಚಿದ್ದರೆ ಆ ಸಾಲಿನಲ್ಲಿ ಯಾರು ಕೂತಿದ್ದಾರೆ, ಯಾರು ಇಲ್ಲ ಎಂದು ಗೊತ್ತಾಗುತ್ತಿರಲಿಲ್ಲ. "ಈಗ ಹೊಡಿ" ಎಂದು ವಸಂತಮ್ಮ ಅಂದಳು. ಅವನು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದ.