ಹೋಮರ್ ಡ್ರಿಸ್ಕಲ್ ಕತ್ತರಿಸಿದ ಕಾಲು ಸೆಕೆಂಡು

ಓಹಾಯೊದ ನಮ್ಮ ಕೆಲ್ಬರ್ಗ್ ಊರಿನ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷ ಸಿನಿಮಾ ಓಡಿಸಿದವನು ಹೋಮರ್ ಡ್ರಿಸ್ಕಲ್. ತಪ್ಪು ಒಪ್ಪಿಕೊಳ್ಳುವ ನರವೇ ಅವನ ಮೈಯಲ್ಲಿರಲಿಲ್ಲ. ಊರ ಗಡಿಯಾರ ಹನ್ನೆರಡು ಹೊಡೆದಾಗ ಇವನು ಇನ್ನೂ ಮೂರು ನಿಮಿಷ ಇದೆ ಅಂದರೆ, ಗಡಿಯಾರವೇ ನಾಚಿಕೊಂಡು ಮುಳ್ಳನ್ನು ಹಿಂದಕ್ಕೆ ಸರಿಸುತ್ತಿತ್ತು.

೧೯೫೬ರ ವಸಂತದಲ್ಲಿ ಅವನ ಹದಿನೇಳರ ಮಗ ರಸೆಲ್ ಒಂದು ಸಂಜೆ ಕೇಳದೆ ಕಾರು ಒಯ್ಯಲು ಹೊರಟ. ಹೋಮರ್ ಜಗಲಿಯಲ್ಲಿ ಅಡ್ಡ ನಿಂತ. ಹುಡುಗ ತಳ್ಳಿದ; ಅಪ್ಪ ಮೆಟ್ಟಿಲಿಂದ ಉರುಳಿ ಸೊಂಟ ಉಳುಕಿಸಿಕೊಂಡ. 'ಮಗ ತಳ್ಳಿದ, ನಾನು ಬಿದ್ದೆ, ಅವನು ಓಡಿಹೋದ' ಎಂದು ಶೆರಿಫ್‌ಗೆ ಬರೆದುಕೊಟ್ಟ. ಹುಡುಗನನ್ನು ಹಿಡಿದು ಒಳಗಿಟ್ಟರು. ಸೋಮವಾರ ನ್ಯಾಯಾಧೀಶರ ಮುಂದೆಯೂ ಅದೇ ಮಾತು ಹೇಳಿದರೆ, ಇಪ್ಪತ್ತೊಂದು ತುಂಬುವ ತನಕ ರಸೆಲ್‌ಗೆ ಸುಧಾರಣಾ ಶಾಲೆಯೇ ಗತಿ. ಹೆಂಡತಿ ಲೂಯೆಲಾ ವಾರವಿಡೀ ಬೇಡಿಕೊಂಡಳು. ಕೊನೆಗೆ ಬೇಡುವುದನ್ನು ಬಿಟ್ಟಳು. ಊಟಕ್ಕೆ ಮೂರು ತಟ್ಟೆ ಇಡುವುದನ್ನು ಮಾತ್ರ ಬಿಡಲಿಲ್ಲ.

ಶುಕ್ರವಾರ ಬಸ್ಸಿನಲ್ಲಿ ಬಂದ ತಗಡಿನ ಡಬ್ಬಿಗಳಲ್ಲಿ ಪುಂಡ ಹುಡುಗರ ಸಿನಿಮಾ ಇತ್ತು: ಚಾಕು, ಕದ್ದ ಕಾರು, ಪೊಲೀಸರು. ಹರಿದ ಜಾಗವನ್ನು ಕತ್ತರಿಸಿ, ಅಂಟಿಸಿ ಮುಂದಿನ ಊರಿಗೆ ಸಾಗಿಸುವುದು ಆಪರೇಟರುಗಳ ರೂಢಿ. ಹಾಗಾಗಿ ನಮ್ಮೂರು ತಲುಪುವಷ್ಟರಲ್ಲಿ ಯಾವ ಸಿನಿಮಾದಲ್ಲೂ ನಾಯಕ ಬಾಗಿಲು ತೆರೆಯುವ ಮೊದಲೇ ಕೋಣೆಯೊಳಗಿರುತ್ತಿದ್ದ, ಮದುವೆಗೆ ಮೊದಲೇ ತೊಟ್ಟಿಲು ತೂಗುತ್ತಿತ್ತು.

ಹೋಮರ್ ಸುರುಳಿಯ ಅಂಚನ್ನು ಬೆರಳಿನಿಂದ ತಡವುತ್ತ ಹೋದ. ನಾಲ್ಕನೆಯ ಸುರುಳಿಯಲ್ಲಿ ಹರಕು ಸಿಕ್ಕಿತು. ಪಟ್ಟಿಯ ಆರು ಬಿಡಿಚಿತ್ರ, ಪರದೆಯ ಮೇಲೆ ಕಾಲು ಸೆಕೆಂಡು. ಕತ್ತರಿಸಿದ, ಅಂಟಿಸಿದ. ತುಣುಕನ್ನು ಬುಟ್ಟಿಗೆಸೆಯುವ ಮುನ್ನ ಸುಮ್ಮನೆ ದೀಪಕ್ಕೆ ಹಿಡಿದ.

ಮಗನೊಬ್ಬ ಅಪ್ಪನನ್ನು ತಳ್ಳುವ ದೃಶ್ಯ. ಮೊದಲ ಚಿತ್ರದಲ್ಲಿ ಅಪ್ಪ ವಾಲಿದ್ದಾನೆ. ಮೂರನೆಯದರಲ್ಲಿ ಮಗನ ಕೈ ಮುಂದೆ ಬಂದಿದೆ, ಹಿಡಿಯಲು. ಆರನೆಯದರಲ್ಲಿ ಅಪ್ಪ ಆ ಕೈಯನ್ನು ಕೊಡವುತ್ತಿದ್ದಾನೆ.

ಹೋಮರ್ ತುಣುಕನ್ನು ಬುಟ್ಟಿಗೆಸೆಯದೆ ಅಂಗಿಯ ಜೇಬಿಗೆ ಹಾಕಿಕೊಂಡ.

ಶನಿವಾರ ಮಧ್ಯಾಹ್ನದ ಆಟದಲ್ಲಿ ಜನ ನೋಡಿದ್ದು ಇಷ್ಟು: ತಳ್ಳಿದ, ಬಿದ್ದ, ಓಡಿದ. ಇಂಥ ಮಗ ಹುಟ್ಟದಿದ್ದರೇ ವಾಸಿಯಿತ್ತು ಎಂದು ಹೆಂಗಸರು ಲೊಚಗುಟ್ಟಿದ್ದು ಮೇಲಿನ ಯಂತ್ರದ ಕೋಣೆಗೂ ಕೇಳಿಸಿತು.

ಸೋಮವಾರ ನ್ಯಾಯಾಧೀಶ ವಿಟ್ಕಮ್ ಹೇಳಿಕೆ ಓದಿ, ಸರಿ ತಾನೇ ಎಂದು ಕೇಳಿದರು.

“ಬರೆದಿದ್ದೆಲ್ಲ ಸರಿ ಸ್ವಾಮಿ. ನಡುವೆ ಸ್ವಲ್ಪ ಕತ್ತರಿಸಿದ್ದೀನಿ.”

“ಏನನ್ನ?”

“ಅವನು ತಳ್ಳಿದ್ದು ನಿಜ. ನಾನು ಬೀಳೋವಾಗ ಹಿಡಿಯೋಕೆ ಕೈ ಚಾಚಿದ. ಆ ಕೈನ ಕೊಡವಿದೋನು ನಾನು.”

ನ್ಯಾಯಾಧೀಶರು ಕನ್ನಡಕ ತೆಗೆದರು. “ನಲವತ್ತು ವರ್ಷದಿಂದ ನಿನ್ನ ಬಲ್ಲೆ, ಹೋಮರ್. ಗುಮಾಸ್ತರೇ, ಇವತ್ತಿನ ತಾರೀಕು ಸರಿಯಾಗಿ ಬರ್ಕೊಳ್ಳಿ.”

ಒಂದು ವರ್ಷ ಅಪ್ಪನ ಜವಾಬ್ದಾರಿಯಲ್ಲಿ ಮನೆಯಲ್ಲಿರುತ್ತೀಯಾ ಎಂದು ಅವರು ರಸೆಲ್‌ನನ್ನು ಕೇಳಿದರು.

ಹುಡುಗ ನೆಲ ನೋಡುತ್ತ ಹೇಳಿದ: “ಇರ್ತೀನಿ. ಆದ್ರೆ ಅಪ್ಪ ಇದನ್ನ ಶೆರಿಫ್ ಆಫೀಸಲ್ಲೂ ಹೇಳ್ಬೇಕು. ಊರೆಲ್ಲ ನಂಬಿರೋದು ಆ ಕಾಗದಾನ.”

ಶೆರಿಫ್ ಕಚೇರಿಯೆಂದರೆ ಊರಿನ ಅರ್ಧ ಗಂಡಸರು ಕಾಫಿಗೆ ಸೇರುವ ಜಾಗ. ಹೋಮರ್ ಟೋಪಿ ಹಾಕಿಕೊಂಡು ರಸ್ತೆ ದಾಟಿದ. ಮಗ ಎರಡು ಹೆಜ್ಜೆ ಹಿಂದೆ ಬಂದ. ಶೆರಿಫ್ ಊಟಕ್ಕೆ ಹೋಗಿದ್ದ. ಆಮೇಲೆ ಬನ್ನಿ ಎಂದರು ಅಲ್ಲಿದ್ದವರು. ಹೋಮರ್ ಕಾಯುತ್ತೇನೆ ಎಂದು ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ರಸೆಲ್ ಕೂಡ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.