ಪಾಲ್ಪಾದಲ್ಲಿ ನಾಲ್ಕನೇ ಸೀಟು

ಲೋಲಾಕ್ಷಿಯ ಬೆನ್ನ ಹಿಂದಿನ ಹಿಮಪರ್ವತ ಬರೀ ವಾಲ್‌ಪೇಪರ್ ಎಂದು ಮುಂಬಯಿ ಪಕ್ಕದ ಠಾಕುರ್ಲಿಯ ನಮ್ಮ ಸೊಸೈಟಿಯಲ್ಲಿ ಮೊದಲು ಸಾರಿದವನು ನಾನು. ನೀರಿನ ಟ್ಯಾಂಕಿನ ಬಗ್ಗೆ ಮೊಬೈಲಿನಲ್ಲೇ ವಿಡಿಯೋ ಮೀಟಿಂಗ್ ನಡೆದಿತ್ತು. ಉಳಿದವರ ಹಿಂದೆ ಫ್ರಿಜ್ಜು, ಕ್ಯಾಲೆಂಡರು, ಒದ್ದೆ ಟವೆಲ್ಲು. ನೇಪಾಳದಲ್ಲಿದ್ದೇನೆ ಎನ್ನುವ ಇವಳ ಹಿಂದೆ ಮಾತ್ರ ಹಿಮಾಲಯ. "ನೇಪಾಳವೂ ಇಲ್ಲ, ಗೀಪಾಳವೂ ಇಲ್ಲ. ಇಲ್ಲೇ ಬದ್ಲಾಪುರದಲ್ಲಿ ಯಾರದೋ ಮನೆಯಲ್ಲಿದ್ದಾಳೆ" ಎಂದು ಎಲ್ಲ ಬಲ್ಲವನಂತೆ ಹೇಳಿದೆ. ಮುಂದಿನ ಮೀಟಿಂಗಿನಲ್ಲಿ ಆ ವಾಲ್‌ಪೇಪರಿನೊಳಗೆ ಹೆಂಗಸೊಬ್ಬಳು ಬಂದು, ಹಗ್ಗಕ್ಕೆ ಎರಡು ಲಂಗ ಹರವಿ, ಪರ್ವತವನ್ನು ಪೂರ್ತಿ ಮುಚ್ಚಿ ಹೋದಳು. ಅಲ್ಲಿಂದ ಮುಂದೆ ನಾನು ಟ್ಯಾಂಕಿನ ವಿಷಯಕ್ಕೆ ಮಾತ್ರ ಬಾಯಿ ಹಾಕಿದೆ.

ಲೋಲಾಕ್ಷಿಯ ಹಿರಿಯರು ಕಾಪು ಕಡೆಯವರು; ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ವಯಸ್ಸು ಐವತ್ತರ ಹತ್ತಿರ, ಮದುವೆಯಾಗಿಲ್ಲ. ಮಿಕ್ಸರ್, ಗ್ರೈಂಡರ್ ಕೆಟ್ಟುಹೋದವರ ದೂರುಗಳಿಗೆ ವಿನಯದಿಂದ ಉತ್ತರ ಬರೆಯುವುದು ಐರೋಲಿಯ ಕಂಪೆನಿಯಲ್ಲಿ ಅವಳ ಕೆಲಸ. ಮನೆಯಿಂದಲೇ ಮಾಡಿ ಎಂದು ಕಂಪೆನಿ ಹೇಳಿದಾಗ ಉಳಿದವರು ಹಿಗ್ಗಿದರು, ಇವಳು ಕಂಗಾಲಾದಳು. ಮನೆಯೆಂದರೆ ತಮ್ಮ ಧರ್ಮಪಾಲನ ಸಂಸಾರದೊಂದಿಗೆ ಒಂದೇ ಬೆಡ್‌ರೂಮಿನ ಫ್ಲ್ಯಾಟು. ಲ್ಯಾಪ್‌ಟಾಪಿಗೆ ಸಿಕ್ಕ ಜಾಗ ವಾಷಿಂಗ್ ಮೆಷಿನ್ನಿನ ಮೇಲೆ. ಮೆಷಿನ್ನು ಬಟ್ಟೆ ಹಿಂಡುವಾಗ ಇವಳ ವಿನಯವೂ ನಡುಗುತ್ತಿತ್ತು.

ಹೆಂಗಸರ ಗುಂಪಿನೊಂದಿಗೆ ನೇಪಾಳದ ಮುಕ್ತಿನಾಥಕ್ಕೆ ಯಾತ್ರೆ ಹೋದವಳು ದಾರಿಯಲ್ಲಿ ಪಾಲ್ಪಾ ಎಂಬ ಬೆಟ್ಟದೂರಿನಲ್ಲಿ ತಂಗಿದಳಂತೆ. ಸಣ್ಣ ಊರು, ಅಗ್ಗದ ಊರು, ಇಂಟರ್ನೆಟ್ಟಿಗೆ ತೊಂದರೆಯಿಲ್ಲ. ಬಾಡಿಗೆಗೆ ಕೋಣೆ, ಕೋಣೆಗೆ ಒಳಗಿನಿಂದ ಚಿಲಕ. ಕಂಪೆನಿಯನ್ನು ಒಪ್ಪಿಸಿ ಅಲ್ಲಿಗೇ ಹೋಗಿಬಿಟ್ಟಳು. ಜೀವನದಲ್ಲಿ ಮೊದಲ ಸಲ ತನ್ನದೇ ಎನ್ನುವ ಒಂದು ಬಾಗಿಲು ಸಿಕ್ಕಿತ್ತು.

ಬಾಗಿಲು ಸಿಕ್ಕರೂ ಕೆಲಸ ಕೈಗೆ ಹತ್ತಲಿಲ್ಲ. ಠಾಕುರ್ಲಿಯಿಂದ ಠಾಣೆ, ಠಾಣೆಯಿಂದ ಐರೋಲಿ ಎಂದು ಲೋಕಲ್ ಟ್ರೇನಿನಲ್ಲಿ ವರ್ಷಗಟ್ಟಲೆ ಜಜ್ಜಿಸಿಕೊಂಡ ಮೈ. ಹಾಸಿಗೆಯಿಂದೆದ್ದು ಮೇಜಿಗೆ ಬಂದರೆ ಆಫೀಸು ಶುರುವಾಯಿತೆಂದು ಅದು ನಂಬಲೇ ಇಲ್ಲ. ಕೊನೆಗೆ ಅವಳು ಬೆಳಿಗ್ಗೆ ಟಿಫಿನ್ ಕಟ್ಟಿಕೊಂಡು ಬಸ್ಸು ಹತ್ತಿ, ಕೆಳಗಿನ ಹೆದ್ದಾರಿಯವರೆಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬಂದು, ಬಾಗಿಲು ಹಾಕಿಕೊಂಡು ಕೂರತೊಡಗಿದಳು. ಕೆಲಸ ಓಡಿತು.

ಮೂವರ ಸೀಟಿಗೆ ನಾಲ್ಕನೆಯವರಾಗಿ ತುದಿಯಲ್ಲಿ ಒತ್ತಿ ಕೂರುವುದು ನಮ್ಮ ಲೋಕಲ್ಲಿನ ಜನ್ಮಸಿದ್ಧ ಹಕ್ಕು. ಪಾಲ್ಪಾದ ಬಸ್ಸು ಅರ್ಧ ಖಾಲಿಯಿದ್ದರೂ ಇವಳು ಮೂವರು ಹೆಂಗಸರ ಪಕ್ಕ ನುಗ್ಗಿ "ಜರಾ ಸರಕೋ" ಎಂದು ಅವರನ್ನು ಸರಿಸಿದಳು. ಕೂತೊಡನೆ ಪಕ್ಕದ ಮುದುಕಿಗೆ "ಕಿಧರ್ ಉತರೇಗಾ?" ಎಲ್ಲಿ ಇಳಿಯುತ್ತೀರಿ ಎಂದು ನಮ್ಮಲ್ಲಿ ಕೇಳಿದರೆ, ನೀವೆದ್ದರೆ ಜಾಗ ನನ್ನದು ಎಂದರ್ಥ. ಮುದುಕಿಗೆ ಅದೇನು ಗೊತ್ತು? ಪರವೂರಿನ ಹೆಂಗಸು ಒಂಟಿತನ ತಾಳಲಾರದೆ ಮೈಗೆ ಅಂಟಿ ಕೂತು ಮನೆ ವಿಚಾರಿಸುತ್ತಿದ್ದಾಳೆ ಎಂದು ಮರುಗಿ, ಕೈಹಿಡಿದು ಇಳಿಸಿ ಮನೆಗೆ ಕರೆದೊಯ್ದು ಅನ್ನ, ಬೇಳೆ, ಸಾಸಿವೆ ಸೊಪ್ಪು ಬಡಿಸಿದಳು. ಹೀಗೆ ಸೀಟು ಕೇಳಿ ಊಟ ಸಿಕ್ಕ ಮನೆಗಳು ಈಗ ಆ ಊರಿನಲ್ಲಿ ಹಲವು.

ಕಳೆದ ತಿಂಗಳು ಕಂಪೆನಿಯ ಫರ್ಮಾನು ಬಂತು: ವಾರಕ್ಕೆ ಮೂರು ದಿನ ಐರೋಲಿಗೆ ಬನ್ನಿ, ಇಲ್ಲವೇ ಕೆಲಸ ಬಿಡಿ. ಲೋಲಾಕ್ಷಿ ಬಂದಿಳಿದಳು. ಧರ್ಮಪಾಲ ಹಾಲಿನಲ್ಲಿ ಹೊಸ ಸೋಫಾ-ಕಮ್-ಬೆಡ್ ಇರಿಸಿ ನನ್ನಲ್ಲಿಗೆ ಬಂದ.

"ಅಣ್ಣ, ಅಕ್ಕನೊಟ್ಟಿಗೆ ಆಫೀಸಿಗೆ ನೀವೂ ಹೋಗಿ. ಇಲ್ಲೇ ಉಳಿಯುವ ಹಾಗೆ ದಾರಿಯಲ್ಲಿ ನಾಲ್ಕು ಮಾತು ಹೇಳಿ. ನಿಮ್ಮ ಮಾತಿಗೆ ತೂಕ ಉಂಟು."

ತೂಕದ ಮಾತುಗಳನ್ನು ಸಿದ್ಧಮಾಡಿಕೊಂಡೆ. ಆದರೆ ಅವಳು ಲೇಡೀಸ್ ಡಬ್ಬಿ ಹತ್ತಿದಳು; ನಾನು ಬೇರೆ ಡಬ್ಬಿಯಲ್ಲಿ, ಯಾರದೋ ಬೆನ್ನುಚೀಲಕ್ಕೆ ಮೂಗೊತ್ತಿಕೊಂಡು, ಆ ಮಾತುಗಳನ್ನು ನನಗೇ ಹೇಳಿಕೊಂಡೆ.

ಮ್ಯಾನೇಜರ್ ಕೌಶಲ್ ನಮ್ಮವರದೇ ಹುಡುಗ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವನ ಕೋಣೆಯ ಬಾಗಿಲು ಅರೆ ತೆರೆದಿದ್ದುದರಿಂದ ಹೊರಗೆ ಕೂತ ನನಗೆಲ್ಲ ಕೇಳಿಸಿತು.

"ಟೀಮ್ ಕೇ ಸಾಥ್ ಬೈಠನಾ ಜರೂರಿ ಹೈ, ಮ್ಯಾಡಮ್."

"ಕೂರುವ. ಯಾರ ಹತ್ರ? ಸಮಿತ್ ಇಂದೋರಿನಲ್ಲಿ, ಅನುಷ್ಕಾ ಪುಣೆಯಲ್ಲಿ. ನೀವು ದಿನಾ ಬರ್ತೀರಾ?"

"ಮೈಂ ತೋ... ಸಿರ್ಫ್ ಶುಕ್ರವಾರ್ ಕೋ."

"ಹಾಗಾದ್ರೆ ಉಳಿದೆರಡು ದಿನ ನಾನು ವಾಚ್‌ಮನ್ನಿನ ಹತ್ರ ಕೂರೋದಾ? ನನ್ನ ಕೆಲಸದಲ್ಲಿ ತಪ್ಪುಂಟಾ, ಅದು ಹೇಳಿ."

"ಗಲತಿ ತೋ ಕುಛ್ ನಹೀಂ."

ಮೇಲಿನವರಿಗೆ ಫೋನಾಯಿತು. ಮೂರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿದರೆ ಸಾಕೆಂದು ತೀರ್ಮಾನವಾಯಿತು. ಲೋಲಾಕ್ಷಿ ನಗುತ್ತಾ ಹೊರಬಂದಳು. ಪಾಲ್ಪಾದ ಕೋಣೆ ಉಳಿದಿತ್ತು.

ನನ್ನ ತೂಕದ ಮಾತುಗಳೂ ಹಾಗೇ ಉಳಿದಿದ್ದವು. ಐರೋಲಿ ಪ್ಲಾಟ್‌ಫಾರ್ಮಿನಲ್ಲಿ ಅವುಗಳಲ್ಲೇ ಅತಿ ಭಾರದ್ದನ್ನು ಹೊರತೆಗೆದೆ.

"ಅಲ್ಲ ಲೋಲಾಕ್ಷಿ, ಆ ಪರದೇಶದಲ್ಲಿ ನಿನಗೆ ಜ್ವರ ಬಂದ್ರೆ ಕಷಾಯ ಮಾಡಿ ಕೊಡುವವರು ಯಾರು?"

"ಇಲ್ಲಿ ಜ್ವರ ಬಂದಾಗ್ಲೂ ನಾನೇ ಮಾಡಿ ಕುಡೀತಿದ್ದೆ ಅಣ್ಣ. ಅದರೊಟ್ಟಿಗೆ ಮನೆಯವರಿಗೆಲ್ಲ ಚಾ ಬೇರೆ. ಅಲ್ಲಿ ಆ ಚಾ ಇಲ್ಲ, ಅಷ್ಟೇ."