ಹಾಜರಾಬಿ ಮುಟ್ಟಿ ನೋಡಿದ ಪಾದ

ಬೂಟು ಕೊಳ್ಳಲು ಹೋದ ನನ್ನ ಕಾಲನ್ನು ಹಾಜರಾಬಿ ಏಕಾಏಕಿ ಎಳೆದು ಮಡಿಲಲ್ಲಿ ಇಟ್ಟುಕೊಂಡಾಗ ನನ್ನ ಮೈ ಬೆವರಿತು. ನಮ್ಮವ್ವನಿಗಿಂತ ಹಿರಿಯ ಹೆಂಗಸು. ನಾಚಿಕೊಂಡು ಕಾಲು ಹಿಂದಕ್ಕೆಳೆದರೆ ಮತ್ತೆ ಹಿಡಿದರು.

“ಸುಮ್ಮಕ ಕುಂಡ್ರು ಬೇಟಾ. ಪಾದ ನೋಡದೆ ನಾ ಬೂಟು ಮಾರೂದಿಲ್ಲ.”

ಎಪ್ಪತ್ತರ ದಶಕದ ಆರಂಭದ ಮಾತು. ನಿಡೋಣಿಯಿಂದ ಬಂದು ಬಿಜಾಪುರದಲ್ಲಿ ಕಾಲೇಜು ಓದುತ್ತಿದ್ದೆ. ಓಟದ ಹುಚ್ಚು ಹಿಡಿದಿತ್ತು. ಗೋಳಗುಮ್ಮಟದ ಹತ್ತಿರ ಒಂದೇ ಬಾಗಿಲಿನ ಆ ಬೂಟಿನಂಗಡಿಯನ್ನು ಹಾಜರಾಬಿ ಒಬ್ಬರೇ ನಡೆಸುತ್ತಿದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅವರು ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಒತ್ತುತ್ತ, ಬೆರಳುಗಳ ಸಂದಿ ಬಿಡಿಸಿ ನೋಡುತ್ತ ಕೂತರೆ ಗಿರಾಕಿಗಳು ಕಕ್ಕಾಬಿಕ್ಕಿಯಾಗುತ್ತಿದ್ದರು. ಕೆಲವರು ಎದ್ದೇ ಹೋಗುತ್ತಿದ್ದರು. ಹಾಜರಾಬಿ ಮಾತ್ರ ಬೇಸರಪಡುತ್ತಿರಲಿಲ್ಲ.

ಮುಂಜಾನೆ ಹೋದರೆ ಸಂಜೆ ಬಾ ಎನ್ನುತ್ತಿದ್ದರು. ದಿನವೆಲ್ಲ ತಿರುಗಿದ ಕಾಲು ಸ್ವಲ್ಪ ಊದಿಕೊಂಡಿರುತ್ತದೆ, ಅಳತೆ ಅದಕ್ಕೇ ತೆಗೆಯಬೇಕು ಎಂಬುದು ಅವರ ಲೆಕ್ಕ. ನಾನು ಬೆರಳಿಗೆ ಬಿಗಿಯಾದ ಜೋಡನ್ನೇ ಆರಿಸಿಕೊಂಡಿದ್ದೆ. ಅದನ್ನು ಕಸಿದುಕೊಂಡು ಒಂದು ಅಳತೆ ದೊಡ್ಡದನ್ನು ತೊಡಿಸಿದರು.

“ಓಡುವಾಗ ಪಾದ ಮುಂದಕ್ಕ ಸರಿತೈತಿ. ಅದಕ್ಕ ಜಾಗ ಇರಬೇಕು. ಹೋಗು, ಗುಮ್ಮಟದ ಗೇಟಿನ ತನಕ ಓಡಿ ಬಾ.”

“ಹೊಸಾವು ಹೊಲಸಾಗ್ತಾವಲ್ರಿ ಬೀಬಿ.”

“ಹೊಲಸಾದ್ರ ಒರೆಸತೀನಿ. ಕಾಲಾಗ ಗುಳ್ಳಿ ಎದ್ರ ಏನ್ ಒರೆಸ್ಲಿ?”

ಓಡಿ ಬಂದೆ. ಹಿಮ್ಮಡಿ ಜಾರಲಿಲ್ಲ, ಬೆರಳು ತಾಗಲಿಲ್ಲ. ಗಾಜಿನ ಕಪಾಟಿನಲ್ಲಿದ್ದ ದುಬಾರಿ ಜೋಡಿನ ಮೇಲೆ ನನ್ನ ಕಣ್ಣು ಇನ್ನೂ ಇತ್ತು. “ಅದರ ಹೊಳಪಿಗೆ ರೊಕ್ಕ ಹೆಚ್ಚು. ತಳ ಮಡಚಿ ನೋಡು, ಹಲಗಿ ಹಂಗ ಬಿರುಸೈತಿ,” ಎಂದು ಬಿಳಿ ಕ್ಯಾನ್ವಾಸಿನ ಅಗ್ಗದ ಜೋಡನ್ನೇ ಕಟ್ಟಿಕೊಟ್ಟರು. ತನ್ನ ಅಂಗಡಿಯ ಮಾಲನ್ನು ತಾನೇ ಹೀಗಳೆಯುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಬೂಟಿನಲ್ಲಿ ಟಿಕೋಟಾ ರಸ್ತೆಯುದ್ದಕ್ಕೂ ಓಡಿದೆ. ಏಳೆಂಟು ತಿಂಗಳಾದ ಮೇಲೆ ಎಡಗಾಲಿನ ಬೂಟಿನ ತಳ ಸವೆದಿತ್ತು. ಒಂದು ಸಂಜೆ ಹೊಸ ಜೋಡಿಗಾಗಿ ಹೋದೆ. ಹಾಜರಾಬಿ ಹಳೆಯ ಬೂಟಿನೊಳಗೆ ಕೈ ಹಾಕಿದವರು ತಟ್ಟನೆ ಹೊರಗೆ ತೆಗೆದರು. ಅವರ ಬೆರಳಿನಲ್ಲಿ ರಕ್ತ. ಉದ್ದನೆಯ ಜಾಲಿಮುಳ್ಳೊಂದು ರಬ್ಬರಿನ ತಳ ತೂರಿ ಒಳಗೆ ಎದ್ದು ನಿಂತಿತ್ತು. ಅದರ ಸುತ್ತಲಿನ ಬಟ್ಟೆ ಒಣಗಿದ ರಕ್ತದಿಂದ ಕಪ್ಪಾಗಿತ್ತು. ಆ ರಕ್ತ ನನ್ನದು.

“ಎಷ್ಟ ದಿನಾ ಆತು ಚುಚ್ಚಿ?”

“ನನಗ ಗೊತ್ತ ಇಲ್ರಿ.”

ಅವರ ಮುಖ ಬಿಳಿಚಿತು. ಕಾಲನ್ನು ಎಳೆದುಕೊಂಡು ತಿರುಗಿಸಿ ನೋಡಿದರು. ಪಾದದ ಅಂಚಿನಲ್ಲಿ, ಮೊದಲ ಸಲ ಅವರು ನೋಡಿದಾಗ ಇಲ್ಲದಿದ್ದ ಮಾಸಲು ಬಣ್ಣದ ಮಚ್ಚೆಯೊಂದಿತ್ತು, ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಣ್ಣು ಮುಚ್ಚು ಎಂದರು. ಮುಚ್ಚಿದೆ.

“ದಾರದ ತುದೀಲೆ ಮುಟ್ಟತೀನಿ. ಮುಟ್ಟಿದ ಕೂಡ್ಲೆ ಹೇಳು.”

ಕಾಯುತ್ತ ಕೂತೆ. ಹೊರಗೆ ಟಾಂಗಾ ಹೋದ ಸದ್ದು ಕೇಳಿತು.

“ಇನ್ನೂ ಮುಟ್ಟಿಲ್ಲಲ್ರಿ ಬೀಬಿ?”

“ಮೂರು ಸಲ ಮುಟ್ಟೀನಿ, ಯಪ್ಪಾ.”

ಕಣ್ಣು ತೆರೆದೆ. ದಾರ ಆಗಲೂ ನನ್ನ ಪಾದದ ಮೇಲೆಯೇ ಇತ್ತು. ಅವರು ಅಂಗಡಿಗೆ ಬೀಗ ಜಡಿದು ನನ್ನನ್ನು ಟಾಂಗಾದಲ್ಲಿ ಕೂರಿಸಿಕೊಂಡು ವೈದ್ಯರೊಬ್ಬರ ಬಳಿಗೆ ಕರೆದೊಯ್ದರು. ವೈದ್ಯರು ಪರೀಕ್ಷೆ ಮಾಡಿ ಕುಷ್ಠ ಎಂದರು. ಕೂತ ಕುರ್ಚಿಯನ್ನು ಮುಟ್ಟಲೂ ಹೆದರಿ ಎದ್ದು ನಿಂತೆ. ಹಾಜರಾಬಿ ಭುಜ ಹಿಡಿದು ಮತ್ತೆ ಕೂರಿಸಿದರು.

“ಲಗೂನ ಸಿಕ್ಕೇತಿ, ವಾಸಿ ಆಗತೈತಿ. ನಮ್ಮನಿಯವರದು ಗೊತ್ತಾಗೂದರಾಗ ಬೆರಳು ಹೋಗಿದ್ದುವು.”

ವರ್ಷಗಟ್ಟಲೆ ಮಾತ್ರೆ ನುಂಗಿದೆ. ಓಟ ನಿಂತಿತು. ಆ ವಿಷಯ ನಮ್ಮ ಮನೆಗಾಗಲಿ, ಪಕ್ಕದಂಗಡಿಗಾಗಲಿ ಅವರ ಬಾಯಿಂದ ಹೋಗಲಿಲ್ಲ. ಮೆತ್ತನೆಯ ತಳದ ಅಗಲವಾದ ಬೂಟು ಹುಡುಕಿ ಕೊಟ್ಟರು. “ಹಾಕ್ಕೊಳ್ಳೂ ಮೊದಲ ಒಳಗ ಕೈ ಆಡಿಸು. ತೆಗೆದ ಮ್ಯಾಲೆ ಪಾದ ನೋಡು. ನಿನಗ ನೋವು ಹೇಳೂದಿಲ್ಲ, ಕಣ್ಣ ಹೇಳಬೇಕು,” ಎಂದು ಹೋದಾಗಲೆಲ್ಲ ಹೇಳುತ್ತಿದ್ದರು.

ಮಾತ್ರೆ ನಿಲ್ಲಿಸಬಹುದು ಎಂದು ವೈದ್ಯರು ಹೇಳಿದ ವರ್ಷವೇ ಬಬಲೇಶ್ವರದ ಶಾಂತಾಳ ಜೊತೆ ನನ್ನ ಮದುವೆಯ ಮಾತುಕತೆ ನಡೆಯಿತು. ಸಂತೋಷದಿಂದ ಹಾಜರಾಬಿಗೆ ತಿಳಿಸಲು ಹೋದೆ.

“ಹುಡುಗಿಗೆ ಹೇಳೀಯೇನು?” ಎಂದರು.

ನಾನು ಬೆಚ್ಚಿಬಿದ್ದೆ. “ಎಲ್ಲಾ ವಾಸಿ ಆಗೇತಲ್ರಿ. ಈಗ ಹೇಳಿ ಮದುವಿ ಮುರಕೊಳ್ಳಲೇನು?”

ಅವರು ದಾರ ಪೋಣಿಸುತ್ತಿದ್ದ ಬೂಟನ್ನು ಪಕ್ಕಕ್ಕಿಟ್ಟರು.

“ನಮ್ಮನಿಯವರಿಗೆ ಲಗ್ನದ ಮೊದಲ ಗೊತ್ತಿತ್ತು. ನಾ ಬಿಟ್ಟ ಹೋಗತೀನಿ ಅಂತ ಹೆದರಿ ಹನ್ನೆರಡು ವರ್ಷ ಕಾಲಚೀಲ ತೆಗೀಲಿಲ್ಲ. ಆಗ ಹೇಳಿದ್ರ ಔಷಧ ಮಾಡಸ್ತಿದ್ದೆ, ಬೇಟಾ. ಬಿಟ್ಟ ಹೋಗತಿರಲಿಲ್ಲ.”

“ಹೇಳೇ ಬರತೀನ್ರಿ,” ಎಂದು ಎದ್ದೆ. ಅಂದೇ ಮಧ್ಯಾಹ್ನದ ಬಸ್ಸಿಗೆ ಬಬಲೇಶ್ವರಕ್ಕೆ ಹೋಗಿ, ಶಾಂತಾಳ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದೆ. ಅವರು ತಲೆ ಕೆಳಗೆ ಹಾಕಿದರು. ಒಳಗಿನಿಂದ ಶಾಂತಾ ಬಾಗಿಲಿಗೆ ಬಂದು ನಿಂತಳು. “ಡಾಕ್ಟರ್ ಯಾರಂತ ಹೇಳ್ರಿ. ನಾನ ಹೋಗಿ ಕೇಳತೀನಿ,” ಎಂದಳು. ಅಪ್ಪನನ್ನು ಕರೆದುಕೊಂಡು ಹೋಗಿ ಕೇಳಿಯೂ ಬಂದಳು. ಅಮಾವಾಸ್ಯೆ ಕಳೆದ ಮೇಲೆ ಅವರ ಮನೆಯಿಂದ ಒಪ್ಪಿಗೆ ಬಂತು.

ಮದುವೆಗೆ ಕರೆಯಲು ಹೋದಾಗ ಅಂಗಡಿ ಮುಚ್ಚಿತ್ತು. ಹಾಜರಾಬಿ ಹೋದ ವಾರ ಜ್ವರದಲ್ಲಿ ತೀರಿಕೊಂಡರೆಂದು ಪಕ್ಕದ ದರ್ಜಿ ಹೇಳಿದ. ಮದುವೆ ಮುರಿದಿರಬಹುದು ಅಂದುಕೊಂಡೇ ಅವರು ಹೋದರೋ ಏನೋ. ಹುಡುಗಿ ಒಪ್ಪಿದಳು ಎಂದು ಹೇಳುವ ಒಂದು ಗಳಿಗೆ ನನಗೆ ಸಿಗಲಿಲ್ಲ.